ಫಾಲ್ ಹಚ್ಚುವ ಸೂಜಿ

ವೈಶಾಲಿ ಬೆಳಗಿನಿಂದ ಮತ್ತೆ ಮತ್ತೆ ಕಸ ಗುಡಿಸಿದಳು. ಸೂಜಿ ಸಿಗಲಿಲ್ಲ. ಬನಹಟ್ಟಿಯ ಮನೆಯಲ್ಲೇ ಕುಳಿತು ಸೀರೆಗೆ ಫಾಲ್ ಹಚ್ಚುವ ಅವಳಿಗೆ, ದಾರ ಪೋಣಿಸಿದ ಸೂಜಿಯನ್ನು ಕುಪ್ಪಸದ ಎದೆಗೆ ಚುಚ್ಚಿಕೊಳ್ಳುವ ಚಾಳಿ. ನಿನ್ನೆ ಸಂಜೆ ಸೀರೆ ಒಯ್ಯಲು ಬಂದ, ಅವಳು ಒಳಗೊಳಗೇ ಮೆಚ್ಚಿದ್ದ ಮಾಳು, ಮನೆಯಲ್ಲಿ ಯಾರೂ ಇಲ್ಲದ್ದನ್ನು ನೋಡಿ, ಮೊಟ್ಟಮೊದಲ ಸಲ ಅವಳನ್ನು ಬಿಗಿಯಾಗಿ ಅಪ್ಪಿಕೊಂಡಿದ್ದ.

"ಸ್..." ಅಂದಿದ್ದ ತಟ್ಟನೆ. ಅಷ್ಟರಲ್ಲಿ ಹೊರಗೆ ಯಾರದೋ ಚಪ್ಪಲಿ ಸಪ್ಪಳ. ಅವಳು ಅವನನ್ನು ದೂಡಿದ್ದಳು. ಎದೆ ಉಜ್ಜಿಕೊಳ್ಳುತ್ತಲೇ ಅವನು ಬಾಗಿಲಲ್ಲಿ ತಿರುಗಿ, ಒಂದು ಹುಬ್ಬು ಎತ್ತಿ ನಕ್ಕು ಹೋಗಿದ್ದ.

ಮಧ್ಯಾಹ್ನ ಗೆಳತಿ ಉಮಾಶ್ರೀ ಬಂದಳು. "ಮಾಳೂನ್ನ ಜಮಖಂಡಿ ದವಾಖಾನಿಗೆ ಒಯ್ದಾರಂತ. ಎದಿ ಹಿಡದೈತಂತ."

ನಿನ್ನೆ ಅವನು ಸ್ ಅಂದದ್ದು ಯಾಕೆಂದು ವೈಶಾಲಿಗೆ ಈಗ ಹೊಳೆಯಿತು: ಸೂಜಿ ಅವನ ಎದೆಯಲ್ಲಿದೆ. ಹೇಳಿದರೆ ಮಾನ ಹೋಗುತ್ತದೆ, ಸುಮ್ಮನಿದ್ದರೆ ಅವನೇ ಹೋಗುತ್ತಾನೆ. ಜಮಖಂಡಿ ಬಸ್ಸಿನಲ್ಲಿ ಸೀಟು ಸಿಕ್ಕರೂ ಅವಳಿಗೆ ಕೂರಲಾಗಲಿಲ್ಲ.

ದವಾಖಾನೆಯಲ್ಲಿ ಡಾಕ್ಟರ್ ಮೃಣ್ಮಯಿ ಇಸಿಜಿ ಹಿಡಿದು ಕೇಳುತ್ತಿದ್ದರು. "ಇಷ್ಟು ಸಣ್ಣ ವಯಸ್ಸಿನಾಗ ಹಿಂಗ್ಯಾಕ? ಎದಿಗೆ ಏನರೆ ಬಡದದೇನು?"

"ಏನಿಲ್ರಿ," ಅಂದ ಮಾಳು. ಬಾಗಿಲಲ್ಲಿ ನಿಂತವಳನ್ನು ಕಂಡು ಕಣ್ಣಲ್ಲೇ ಬೇಡ ಎಂದ. ಹುಚ್ಚಪ್ಯಾಲಿ, ಈಗಲೂ ನನ್ನ ಮಾನ ಕಾಯುತ್ತಿದ್ದಾನೆ, ಅಂದುಕೊಂಡಳು. ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

"ಸೂಜಿ ಹೊಕ್ಕೈತ್ರಿ. ನನ್ನ ಕುಪ್ಪಸದಾಗ ಇತ್ತು. ನಿನ್ನಿ ನನ್ನ ಅಪ್ಕೊಂಡಾನ್ರಿ."

ಮಾಳುವಿನ ತಾಯಿ ಸಿದ್ದಕ್ಕ ಮೆಲ್ಲಗೆ ತಿರುಗಿ ನೋಡಿದಳು. ಡಾಕ್ಟರು ಮಾತ್ರ, "ಎಷ್ಟು ಉದ್ದ?" ಎಂದಷ್ಟೇ ಕೇಳಿದರು. ವೈಶಾಲಿ ಬೆರಳಿನಲ್ಲಿ ಅಳತೆ ತೋರಿಸಿದಳು.

ಎಕ್ಸರೇಯಲ್ಲಿ ಸೂಜಿ ಬೆಳ್ಳಗೆ ಕಂಡಿತು. ಎಕೋ ಸ್ಕ್ಯಾನ್ ಮಾಡಿದಾಗ ಅದರ ತುದಿ ಹೃದಯದ ಗೋಡೆಯಲ್ಲೇ ನಾಟಿರುವುದೂ ಸುತ್ತ ರಕ್ತ ಜಿನುಗಿರುವುದೂ ಕಂಡವು. "ಇಲ್ಲೆ ಕಿತ್ರ ರಕ್ತ ನಿಲ್ಲಂಗಿಲ್ಲ. ಬೆಳಗಾವಿಗೆ ಒಯ್ದು ಎದಿ ತೆರದು ಆಪರೇಷನ್ ಮಾಡಬೇಕು," ಅಂದರು ಡಾಕ್ಟರು.

ಬೆಳಗಾವಿಯ ಆಪರೇಷನ್ ಥಿಯೇಟರಿನ ಹೊರಗೆ ಬೆಂಚಿನ ಒಂದು ತುದಿಗೆ ಸಿದ್ದಕ್ಕ, ಇನ್ನೊಂದು ತುದಿಗೆ ವೈಶಾಲಿ. ವೈಶಾಲಿ ಏಳುವಳು, ಕೂರುವಳು, ಮತ್ತೆ ಏಳುವಳು.

"ಕುಂದ್ರ ಬೇ," ಸಿದ್ದಕ್ಕ ಗದರಿದಳು. "ಎಷ್ಟ ದಿವಸದಿಂದ ನಡದೈತಿ ಇದು?"

"ಅಪ್ಕೊಂಡಿದ್ದು ಒಂದ ಸಲ್ರಿ. ಜೀವ ಹಚ್ಕೊಂಡಿದ್ದು..." ಅವಳು ಥಿಯೇಟರಿನ ಬಾಗಿಲತ್ತ ನೋಡಿದಳು.

ಎಷ್ಟೋ ಹೊತ್ತಿನ ಮೇಲೆ ನರ್ಸ್ ಬಂದಳು. "ಸೂಜಿ ತಗದಾರ್ರಿ. ಹುಡುಗ ಹುಷಾರದಾನ, ಎಚ್ಚರಾಗ್ಯಾನ. ಒಬ್ಬರಷ್ಟ ಒಳಗ ಬರ್ರಿ."

ಸಿದ್ದಕ್ಕ ದಡಬಡಿಸಿ ಎದ್ದಳು. ಬಾಗಿಲ ತನಕ ಹೋಗಿ ನಿಂತಳು. ತಿರುಗಿ ಬಂದು ಕುಳಿತು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೀ ಹೋಗ ಬೇ. ಯಾರಂತ ಕೇಳಿದ್ರ, ಸಿದ್ದಕ್ಕನ ಸೊಸಿ ಅನ್ನು."