ರಿಜಿಸ್ಟರ್ ಆದ ಒಂದೇ ಭೋಗ್ಯ

೨೦೧೭ರ ನವೆಂಬರ್ ೯, ಬೆಳಿಗ್ಗೆ ೧೦.೨೦. ಗುಲ್ಜಾರ್ ಬೀ ಎಂಬ ಅರವತ್ತೆರಡರ ಹೆಂಗಸು ಗೋಡೆಯಿಂದ ಕಿತ್ತ ಕಾಗದವೊಂದನ್ನು ಹಿಡಿದು ರಾಮನಗರದ ಠಾಣೆಗೆ ಬಂದರು. ಇನ್‌ಸ್ಪೆಕ್ಟರ್ ಮುನಿಶಾಮಯ್ಯ ಮೊದಲ ಸಾಲು ಓದಿಯೇ ಕನ್ನಡಕ ತೆಗೆದಿಟ್ಟರು. ಆ ವರ್ಷ ಅಂಥದ್ದು ಅದು ನಾಲ್ಕನೆಯದು. ಮನೆ ಮಾಲೀಕ ಸಾಲದ ಕಂತು ಕಟ್ಟಿಲ್ಲ, ನವೆಂಬರ್ ೩೦ರಂದು ಸಹಕಾರಿ ಬ್ಯಾಂಕು ಕಟ್ಟಡವನ್ನು ವಶಕ್ಕೆ ತೆಗೆದುಕೊಳ್ಳುತ್ತದೆ, ಒಳಗಿರುವವರು ಖಾಲಿ ಮಾಡಬೇಕು.

"ನೋಟೀಸ್ ಕೀಳಬಾರ್ದು ಕಣಮ್ಮ. ಬಾಡಿಗೆಗಿದ್ದೀರಾ?"

"ಭೋಗ್ಯ ಸಾಹೇಬ್ರೆ. ಒಂಬತ್ತು ಲಕ್ಷ. ನಮ್ಮೆಜಮಾನ್ರು ಹೋದ್ಮೇಲೆ ನೂಲು ಬಿಚ್ಚೋ ಮಿಷಿನ್ ಮಾರಿ ಕೊಟ್ಟಿದ್ದು. ಮನೆ ಬಿಡೋವಾಗ ಅಷ್ಟೂ ವಾಪಸ್ ಕೊಡ್ತೀನಿ ಅಂದಿದ್ರು."

"ಯಾರು?"

"ಓನರು, ರಾಮಲಿಂಗಯ್ಯ. ಫೋನ್ ಆಫ್ ಮಾಡ್ಬುಟ್ಟವ್ರೆ."

"ಕರಾರು ರಿಜಿಸ್ಟರ್ ಆಗೈತಾ?"

"ಛಾಪಾ ಕಾಗದ ಐತೆ. ನೋಟರಿ ಸೀಲೂ ಐತೆ."

ಮುನಿಶಾಮಯ್ಯ ಎಲ್ಲ ಠಾಣೆಗಳಲ್ಲೂ ಹೇಳುವ ಮಾತನ್ನೇ ಹೇಳಿದರು: ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ.

"ಕೋರ್ಟು ಮೂವತ್ತನೇ ತಾರೀಕಿನೊಳಗೆ ಆಯ್ತದಾ? ಮೊಮ್ಮಗಳು ಜೈನಬ್‌ಗೆ ಕಾಲೇಜು ಬಿಡ್ಸಿ ಮನೇಲಿ ಕೂರ್ಸಿ ಬಂದಿವ್ನಿ. ಬಾಗ್ಲು ಹಾಕ್ಕೊಂಡು ಈಚೆಗೆ ಬಂದ್ರೆ ಬ್ಯಾಂಕ್ನೋರು ಬೀಗ ಜಡಿದ್ರೆ?"

ಅವರು ಎದ್ದು ಹೋಗಲಿಲ್ಲ, ಬೆಂಚಿನ ಮೇಲೆ ಕೂತರು. ಹನ್ನೆರಡು ಗಂಟೆಯೊಳಗೆ ಅದೇ ಕಾಗದ ಹಿಡಿದು ಇನ್ನೈದು ಮನೆಯವರು ಬಂದರು. ಆರು ಬಾಗಿಲು, ಆರೂ ಭೋಗ್ಯ, ಒಬ್ಬನೇ ಓನರು. ಮುನಿಶಾಮಯ್ಯನವರ ಸಿಟ್ಟು ಬೆಂಚಿನಿಂದ ಎದ್ದು ಸರಿಯಾದ ಕಡೆ ತಿರುಗಿದ್ದು ಆಗ. ಮಧ್ಯಾಹ್ನ ೧೨.೧೫ಕ್ಕೆ ನಂಬಿಕೆದ್ರೋಹ ಮತ್ತು ವಂಚನೆಯ ಕಲಮುಗಳ ಕೆಳಗೆ ಎಫ್‌ಐಆರ್ ದಾಖಲಾಯಿತು. ಸಂಜೆ ಕಟ್ಟಡದಲ್ಲಿ ಪಂಚನಾಮೆ ಮುಗಿಯಿತು.

ಮರುದಿನ ಬ್ಯಾಂಕಿನಲ್ಲಿ ಮ್ಯಾನೇಜರ್ ಫೈಲು ತೆರೆದಿಟ್ಟರು. ಸಾಲ ನಲವತ್ತೆರಡು ಲಕ್ಷ. 'ಆರೂ ಮನೆ ತಿಂಗಳ ಬಾಡಿಗೆಗೆ, ಭೋಗ್ಯ ಯಾವುದೂ ಇಲ್ಲ' ಎಂದು ರಾಮಲಿಂಗಯ್ಯನ ಪ್ರಮಾಣಪತ್ರ. ಸ್ಥಳ ಪರಿಶೀಲನೆಯ ಫೋಟೋದ ದಿನಾಂಕ ೨೦೧೫ರ ಆಗಸ್ಟ್ ೧೯. ಅದರಲ್ಲಿ ಬಿಳಿ ಅಂಗಿ ತೊಟ್ಟ ರಾಮಲಿಂಗಯ್ಯ ನಗುತ್ತಾ ನಿಂತಿದ್ದಾನೆ, ಹಿಂದೆ ಬೀಗ ಹಾಕಿದ ಆರು ಬಾಗಿಲು.

"ಇರೋರನ್ನ ಮಾತಾಡಿಸಿದ್ರಾ?"

"ಎಲ್ಲಾ ಕೆಲಸಕ್ಕೆ ಹೋಗಿದ್ದಾರೆ ಅಂದ್ರು ಸಾರ್."

"ಆರು ಮನೇಲಿ ಒಬ್ಬ ಮುದುಕೀನೂ ಇರ್ಲಿಲ್ವಾ?"

ಮ್ಯಾನೇಜರ್ ಫೈಲಿನ ದಾರ ಕಟ್ಟತೊಡಗಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕೂ ಒಂದು ಸೀಲು, ಒಂದು ಸಹಿ ಬೇಕಲ್ಲ!

ಮಹಿಳಾ ಕಾನ್‌ಸ್ಟೇಬಲ್ ದಿಲ್ಶಾದ್ ಆ ತಾರೀಕಿನ ಬಗ್ಗೆ ಕೇಳಿದ್ದಕ್ಕೆ ಗುಲ್ಜಾರ್ ಬೀ ಹಣೆ ಚಚ್ಚಿಕೊಂಡರು.

"ಓನರು ಹರಕೆ ಐತೆ ಅಂತ ವ್ಯಾನ್ ಮಾಡಿದ್ರಲ್ಲವ್ವ! ಎಲ್ರುನೂ ದೊಡ್ಡಮಳೂರು ದೇವಸ್ಥಾನಕ್ಕೆ ಕಳ್ಸಿದ್ರು, ಪುಳಿಯೋಗರೆ ಕಟ್ಸಿ. ನಾನು ಚನ್ನಪಟ್ಟಣದಾಗೆ ದರ್ಗಾ ತಾವ ಇಳ್ಕೊಂಡೆ. ಅವ್ರು ಮಾತ್ರ ಕಾಲುನೋವು ಅಂತ ಬರ್ಲಿಲ್ಲ."

ದೇವರನ್ನೂ ದರ್ಗಾವನ್ನೂ ಒಂದೇ ವ್ಯಾನಿನಲ್ಲಿ ಸಾಲಕ್ಕೆ ದುಡಿಸಿದ ಗಟ್ಟಿಗ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಭೋಗ್ಯದ ಹಣದಲ್ಲಿ ಕಟ್ಟಡ ಮುಗಿಸಿ, ಆ ಕಟ್ಟಡವನ್ನು ಬ್ಯಾಂಕಿಗೆ ಅಡವಿಟ್ಟು, ಆ ಸಾಲದಲ್ಲಿ ಇನ್ನೊಂದು ಕಟ್ಟಡಕ್ಕೆ ಕೈ ಹಾಕಿದ್ದ. ಬ್ಯಾಂಕಿಗೆ ತಿಂಗಳ ಕಂತು ಬೇಕು, ಭೋಗ್ಯದ ಮನೆ ತಿಂಗಳಿಗೆ ಬಿಡಿಗಾಸೂ ಹುಟ್ಟಿಸುವುದಿಲ್ಲ. ಇಷ್ಟು ಸಣ್ಣ ವಿಷಯ ಜಿಲ್ಲೆಯ ನಾಲ್ಕೂ ತಾಲ್ಲೂಕಿನಲ್ಲಿ ಯಾರ ತಲೆಗೂ ಹೋಗುವುದಿಲ್ಲವಲ್ಲ ಎಂದು ಮುನಿಶಾಮಯ್ಯ ಜೀಪಿನ ತುಂಬ ಬೈದುಕೊಂಡರು.

ನವೆಂಬರ್ ೧೪ರಂದು ಮಾಗಡಿಗೆ ಹೋದರು. ಆ ಎರಡನೇ ಕಟ್ಟಡ ಅಲ್ಲಿ ಪಾಯದ ಮೇಲೆ ಎಂಟು ಕಂಬವಾಗಿ ನಿಂತಿತ್ತು, ಕಂಬಿಗಳು ತುಕ್ಕು ಹಿಡಿದಿದ್ದವು. ರಾಮಲಿಂಗಯ್ಯನ ಭಾವಮೈದುನ ಹುಚ್ಚಯ್ಯ ಜಗಲಿಯಿಂದ ಏಳಲೂ ಇಲ್ಲ.

"ನನ್ ತಾವ್ಲೂ ಎರಡು ಲಕ್ಷ ಇಸ್ಕೊಂಡವ್ನೆ ಸ್ವಾಮಿ. ಸಿಕ್ಕಿದ್ರೆ ನನ್ಗೂ ಒಸಿ ಹೇಳಿ."

ಸಂಬಂಧಿಕರ ಮನೆ, ಲಾಡ್ಜು, ಮರಳವಾಡಿಯ ಹಳೇ ಸ್ನೇಹಿತ, ಯಾವ ಕಡೆಯೂ ಆಸಾಮಿ ಇಲ್ಲ. ನವೆಂಬರ್ ೧೮. ಉಳಿದದ್ದು ಹನ್ನೆರಡು ದಿನ. ಗುಲ್ಜಾರ್ ಬೀ ದಿನಾ ಹತ್ತಕ್ಕೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು, ಜೈನಬ್ ದಿನಾ ಮನೆ ಕಾಯುತ್ತಿದ್ದಳು. ಆ ಬೆಂಚಿನ ಕಡೆ ನೋಡಲಾಗದೆ ಮುನಿಶಾಮಯ್ಯ ಕುರ್ಚಿಯನ್ನೇ ತಿರುಗಿಸಿ ಹಾಕಿಸಿಕೊಂಡಿದ್ದರು.

"ಸಾರ್, ಒಂದು ಮಾತು," ಎಂದಳು ದಿಲ್ಶಾದ್. "ಅವನೂ ಎಲ್ಲೋ ಒಂದ್ಕಡೆ ಮನೆ ಮಾಡಿರ್ಬೇಕಲ್ಲ. ಕೈಲಿ ಒಸಿ ದುಡ್ಡಿದ್ರೆ ಭೋಗ್ಯಕ್ಕೇ ಹೋಗಿರ್ತಾನೆ."

"ಹೋಗಿರ್ಲಿ. ಊರೆಲ್ಲಾ ಹುಡುಕ್ತೀಯೇನಮ್ಮ?"

"ಬೇಡ ಸಾರ್. ಇಷ್ಟು ಜನಕ್ಕೆ ಮೋಸ ಮಾಡ್ದೋನು ತಾನು ನೋಟರಿ ಸೀಲು ನಂಬ್ತಾನಾ? ರಿಜಿಸ್ಟರ್ ಮಾಡ್ಸಿರ್ತಾನೆ."

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮುನಿಶಾಮಯ್ಯ ಕುರ್ಚಿ ಈ ಕಡೆ ತಿರುಗಿಸಿಕೊಂಡು ನಾಲ್ಕೂ ತಾಲ್ಲೂಕಿನ ನೋಂದಣಿ ಕಚೇರಿಗಳಿಗೆ ಪತ್ರ ಬರೆದರು. ನವೆಂಬರ್ ೨೦, ಮಧ್ಯಾಹ್ನ ೩.೪೦ಕ್ಕೆ ಕನಕಪುರದಿಂದ ಉತ್ತರ ಬಂತು. ಸೆಪ್ಟೆಂಬರ್ ೪ರಂದು ನೋಂದಾಯಿತ ಭೋಗ್ಯಪತ್ರ, ಭೋಗ್ಯದಾರ ರಾಮಲಿಂಗಯ್ಯ, ಮೊತ್ತ ಏಳು ಲಕ್ಷ. ಪೂರ್ತಿ ವಿಳಾಸ, ಚೆಕ್ಕುಬಂದಿ, ಫೋಟೋ, ಹೆಬ್ಬೆಟ್ಟು, ಎಲ್ಲವೂ ಇತ್ತು.

ಮರುದಿನ ಬೆಳಿಗ್ಗೆ ೭.೧೦ಕ್ಕೆ ಕನಕಪುರದ ಆ ಮನೆಯ ಬಾಗಿಲು ತಟ್ಟಿದರು. ರಾಮಲಿಂಗಯ್ಯ ಬನಿಯನ್ನಿನಲ್ಲೇ ಬಂದ. ಪೊಲೀಸರನ್ನು ಕಂಡವನೇ ಒಳಗೆ ಓಡಿದ. ದಿಲ್ಶಾದ್ ಬೆನ್ನಟ್ಟಿದಳು. ಅವನು ಬೀರುವಿನಿಂದ ಪತ್ರ ತೆಗೆದು ಎದೆಗೆ ಹಿಡಿದುಕೊಂಡು ನಿಂತಿದ್ದ.

"ನೋಡಿ, ರಿಜಿಸ್ಟರ್ ಆಗೈತೆ. ನನ್ನ ಇಲ್ಲಿಂದ ಯಾರೂ ಎಬ್ಸಂಗಿಲ್ಲ."

"ಎಬ್ಸೋಕೆ ಬಂದಿಲ್ಲ ಕಣ್ರೀ," ಎಂದರು ಮುನಿಶಾಮಯ್ಯ. "ಕರ್ಕೊಂಡೋಗೋಕೆ ಬಂದಿವಿ. ಆ ಆರು ಮನೆಯೋರಿಗೆ ಇದನ್ನ ಯಾಕ್ ಮಾಡ್ಸಿಕೊಡ್ಲಿಲ್ಲ?"

"ಮಾಡ್ಸಿದ್ರೆ ಋಣಭಾರ ಪತ್ರದಾಗೆ ಕಾಣೋದು. ಬ್ಯಾಂಕು ಸಾಲ ಕೊಡ್ತಿರ್ಲಿಲ್ಲ."

ಅಷ್ಟು ಸಲೀಸಾಗಿ ಹೇಳಿದ. ೭.೩೫ಕ್ಕೆ ಬಂಧನ.

ಠಾಣೆಯಲ್ಲಿ ಬರೆಸಿದ ಹೇಳಿಕೆ ಮೂರು ಪುಟ. ಶಾಲೆಯೊಂದರಲ್ಲಿ ಗುಮಾಸ್ತನಾಗಿ ಮೂವತ್ತೊಂದು ವರ್ಷ ದುಡಿದ, ಅಷ್ಟರಲ್ಲಿ ಹದಿನಾಲ್ಕು ಬಾಡಿಗೆ ಮನೆ ಬದಲಿಸಿದ. ಒಂದರಲ್ಲಿ ಮಗಳ ಸೀಮಂತದ ದಿನವೇ ಮಾಲೀಕ ಪಾತ್ರೆ ಪಡಗವನ್ನೆಲ್ಲ ಬೀದಿಗೆ ಹಾಕಿಸಿದ್ದ. ಬಸುರಿ ಮಗಳು ಹಸಿರು ಸೀರೆಯಲ್ಲೇ ಬೀದಿಯಲ್ಲಿ ಕೂತಿದ್ದಳು. ಅವತ್ತಿನಿಂದ ಜನ ತನ್ನನ್ನು 'ಓನರೇ' ಎಂದು ಕರೆಯಬೇಕು ಅನ್ನುವುದೊಂದೇ ಆಸೆ. ಆರು ಬಾಯಿ ಕರೆದವು, ಸಾಲಲಿಲ್ಲ, ಹನ್ನೆರಡು ಬಾಯಿ ಬೇಕೆನಿಸಿತು.

ಕನಕಪುರದ ಭೋಗ್ಯಕ್ಕೆ ಕೊಟ್ಟಿದ್ದ ಅವನ ಏಳು ಲಕ್ಷ ಜಪ್ತಿಯಾಯಿತು. ವ್ಯಾನಿನ ಕತೆಯನ್ನೂ ಬೀಗದ ಫೋಟೋವನ್ನೂ ಮುನಿಶಾಮಯ್ಯ ವರದಿ ಮಾಡಿದರು. ಉಚಿತ ಕಾನೂನು ನೆರವಿನ ವಕೀಲರು ಅದನ್ನು ನ್ಯಾಯಾಲಯದ ಮುಂದಿಟ್ಟರು. ನವೆಂಬರ್ ೨೮ರಂದು, ಮುಂದಿನ ವಿಚಾರಣೆಯವರೆಗೆ ಆರೂ ಮನೆಗಳನ್ನು ಬ್ಯಾಂಕು ಮುಟ್ಟಬಾರದೆಂದು ತಡೆಯಾಜ್ಞೆ ಬಂತು. ಒಂಬತ್ತು ಲಕ್ಷ ಯಾವಾಗ ಬರುತ್ತದೋ, ಎಷ್ಟು ಬರುತ್ತದೋ, ಯಾರೂ ಹೇಳುವಂತಿರಲಿಲ್ಲ.

ಗುಲ್ಜಾರ್ ಬೀ ಕೇಳಿಸಿಕೊಂಡರು. ಸೀಮಂತದ ವಿಷಯವನ್ನೂ ದಿಲ್ಶಾದ್ ಹೇಳಿದಳು.

"ಅಂಗಾದ್ರೆ ಬೀದೀಲಿ ಕೂರೋದು ಹೆಂಗಿರ್ತದೆ ಅಂತ ಅವ್ರಿಗೆ ಗೊತ್ತಿತ್ತು," ಎಂದರು ಅವರು.

ಗುಲ್ಜಾರ್ ಬೀ ಆದೇಶದ ನಕಲನ್ನು ನಾಲ್ಕು ಮಡಿಕೆ ಮಾಡಿ ಸೆರಗಿಗೆ ಕಟ್ಟಿಕೊಂಡು ಬಾಗಿಲವರೆಗೆ ಹೋದರು. ಅಲ್ಲಿಂದ ತಿರುಗಿ ಕೇಳಿದರು.

"ಸಾಹೇಬ್ರೆ, ನಾಳೆ ಬೀಗ ಹಾಕ್ಕೊಂಡು ಜೈನಬ್‌ನ ಕಾಲೇಜಿಗೆ ಕಳಿಸ್ಬೋದಾ?"

"ಕಳ್ಸಮ್ಮ," ಎಂದರು ಮುನಿಶಾಮಯ್ಯ.