ಒಪ್ಕಂಬುಡಿ ಮೇಡಮ್!

"ಲೋ, ಬಾಗ್ಲಲ್ಲೇ ಯಾಕ್ಲಾ ನಿಂತ್ಕಂಡೆ? ಬಂದು ಎರಡ್ನೇ ರಿಮೋಟ್ ಇಡ್ಕಳ್ಲಾ, ಬ್ಯಾಗ!"

ಶಿವರಂಜನಿ ಬೆಚ್ಚಿಬಿದ್ದಳು. ತನ್ನನ್ನೇ ಕರೆದದ್ದಾ? ಹಿಂದೆ ತಿರುಗಿ ನೋಡಿದಳು. ಗುಂಡ್ಲುಪೇಟೆಯ ಹೆದ್ದಾರಿಯಲ್ಲಿ ತರಕಾರಿ ಲಾರಿಯೊಂದು ಹೋಗುತ್ತಿತ್ತು, ಅಷ್ಟೆ. ಅಂಗಡಿಯ ಬಾಗಿಲಲ್ಲಿ ಬೇರೆ ಯಾರೂ ಇರಲಿಲ್ಲ.

ಒಳಗೆ, ಹಳೆಯ ಡಬ್ಬಾ ಟೀವಿಯ ಮುಂದೆ, ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದವನು ತಿರುಗಿ ಕೂಡ ನೋಡಲಿಲ್ಲ.

ಯಾರಾದರೂ ಜೋರಾಗಿ ಹೇಳಿದರೆ ಮಾಡಿಬಿಡುವುದು ಅವಳ ಸ್ವಭಾವ. ಸರಿಯೋ ತಪ್ಪೋ ಎಂದು ಯೋಚಿಸುವುದು ಆಮೇಲೆ, ರಾತ್ರಿಯೆಲ್ಲಾ. ಅವಳು ಹೋಗಿ ಚಾಪೆಯ ಮೇಲೆ ಕೂತು ಗೇಮಿನ ರಿಮೋಟ್ ಹಿಡಿದಳು.

ಪರದೆಯ ಮೇಲೆ ಮಂಜಿನ ಬೆಟ್ಟ. ಕೈಯಲ್ಲಿ ಸುತ್ತಿಗೆ ಹಿಡಿದ ಎರಡು ಪುಟ್ಟ ಗೊಂಬೆಗಳು, ಒಂದು ನೀಲಿ, ಇನ್ನೊಂದು ಗುಲಾಬಿ. ತಲೆಯ ಮೇಲಿನ ಮಂಜುಗಡ್ಡೆ ಒಡೆಯಬೇಕು, ಆ ತೂತಿನಿಂದ ಮೇಲಕ್ಕೆ ಹಾರಬೇಕು. ಗುಲಾಬಿ ಗೊಂಬೆ ಅವಳದು. ಅದು ಹಾರಿದಲ್ಲೇ ಹಾರುತ್ತಿತ್ತು.

"ಓಗು! ಓಗು! ಓಗ್ಲಾ ಅಂದ್ರೆ!"

ಅವಳ ಮುಖ ಕೆಂಪಾಯಿತು. ಇಷ್ಟು ಬೇಗ ಎದ್ದು ಹೋಗು ಅಂದುಬಿಟ್ಟನಾ? ಅಷ್ಟು ಕೆಟ್ಟದಾಗಿ ಆಡಿದೆನಾ ನಾನು...

ರಿಮೋಟನ್ನು ಮೆಲ್ಲಗೆ ಕೆಳಗಿಟ್ಟಳು. ಎದ್ದಳು. ಹೊರಟೇಬಿಟ್ಟಳು!

ನೀಲಿ ಗೊಂಬೆ ಮೇಲೇರಿತು. ನಿಂತಲ್ಲೇ ನಿಂತಿದ್ದ ಗುಲಾಬಿ ಗೊಂಬೆ ಪರದೆಯ ಕೆಳಗೆ ಜಾರಿ ಸತ್ತುಹೋಯಿತು. ಅವನು ಬೈಯಲೆಂದು ತಿರುಗಿದರೆ ಕಂಡದ್ದು ಮೆಟ್ಟಿಲಿಳಿಯುತ್ತಿದ್ದ ಹಸಿರು ಸೀರೆಯ ಸೆರಗು.

"ಅಯ್ಯಯ್ಯೋ! ಮೇಡಮ್! ನಿಂತ್ಕಳಿ ಮೇಡಮ್! ನಮ್ಮುಡುಗ್ರು ಯಾರೋ ಬಂದ್ರು ಅಂದ್ಕಂಡೆ. ನಾ ಓಗು ಅಂದಿದ್ದು... ಮೇಲಕ್ಕೆ!"

ಅವಳು ಗಾಬರಿಯಿಂದ ನೋಡಿದಳು. "ಮೇಲಕ್ಕಾ? ನಾನು ಸಾಯ್ಲಿ ಅಂತಾನಾ?"

"ಶಿವಶಿವಾ! ಬೆಟ್ಟದ ಮೇಲಕ್ಕೆ ಮೇಡಮ್, ಬೆಟ್ಟದ ಮೇಲಕ್ಕೆ!"

ಅವನು ಎರಡೂ ಕೈಯಲ್ಲಿ ಸುತ್ತಿಗೆ ಬೀಸಿದಂತೆ ಮಾಡಿ ತೋರಿಸಿದ. ಪಕ್ಕದ ಟೀ ಅಂಗಡಿಯವರೆಲ್ಲ ನಕ್ಕರು. ರಂಜನಿಗೂ ನಗು ಬಂತು. ಅಪರಿಚಿತರ ಮುಂದೆ ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ!

ಅವನೇ ಮಾದೇಶ. ಅಂಗಡಿಯ ಮುಂಭಾಗದಲ್ಲಿ ಮೊಬೈಲ್ ರಿಪೇರಿ, ಹಿಂಭಾಗದಲ್ಲಿ ಅವನ ಪ್ರಾಣವಾಗಿದ್ದ ಹಳೆಯ ಗೇಮುಗಳು.

ರಂಜನಿ ಚಾಮರಾಜನಗರದ ಖಾಸಗಿ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್. ಶಾಲೆಯ ವಸ್ತುಪ್ರದರ್ಶನದಲ್ಲಿ ಮಕ್ಕಳಿಗೆ ಹಳೆಯ ಗೇಮುಗಳನ್ನು ತೋರಿಸಬೇಕೆಂದು ಅವನ ಅಂಗಡಿ ಹುಡುಕಿಕೊಂಡು ಬಂದಿದ್ದಳು. ಅವನು ಒಂದೊಂದನ್ನೇ ಮುಂದಿಟ್ಟ. ಬಟನ್ ಫೋನಿನ ಸ್ನೇಕು, ಕೆಂಪು ಚೆಂಡು ಕುಪ್ಪಳಿಸುವ ಬೌನ್ಸು. ಟೀವಿಗೆ ಹಾಕುವ ಕಾಂಟ್ರಾ ಕ್ಯಾಸೆಟ್ಟು. ಕಂಪ್ಯೂಟರಿನಲ್ಲಿ ಬೈಕ್ ಓಡಿಸುತ್ತಾ ಪಕ್ಕದವನನ್ನು ಒದೆಯುವ ರೋಡ್ ರ‍್ಯಾಶು, ಗುಂಡಿ ತೋಡಿ ಶತ್ರುಗಳನ್ನು ಬೀಳಿಸುವ ಲೋಡ್ ರನ್ನರು. ಮಂಜಿನ ಬೆಟ್ಟದ ಆ ಗೇಮಿನ ಹೆಸರು ಐಸ್ ಕ್ಲೈಂಬರ್.

"ಇದು ಬೋ ಜನಕ್ಕೆ ಗೊತ್ತಿಲ್ಲ ಮೇಡಮ್. ಗೊತ್ತಿರೋರ್ಗೂ ಇಷ್ಟ ಆಗಲ್ಲ. ಒಬ್ರು ಬಿರ‍್ರನೆ ಮೇಲಕ್ಕೋದ್ರೆ ಕೆಳಗಿರೋರು ಸಾಯ್ತಾರೆ. ಕಾಯ್ಬೇಕು. ಅದೇ ಕಷ್ಟ."

"ನಿಮಗೆ?"

"ನಂಗೆ ಕಾಯೋದು ಅಂದ್ರೆ ಇಷ್ಟ."

ಅವನು ಸುಮ್ಮನೆ ಹೇಳಿದ್ದ. ಅವಳಿಗೆ ಮಾತ್ರ ಎಲ್ಲೋ ಚುಚ್ಚಿತು. ಚಿಕ್ಕವಳಿದ್ದಾಗ ಸೋದರಮಾವನ ಮನೆಯಲ್ಲಿ ಹುಡುಗರೆಲ್ಲ ಇಂಥ ಗೇಮುಗಳನ್ನೇ ಆಡುತ್ತಿದ್ದರು. ಇವಳು ಕೇಳಿದರೆ, "ನೀನು ನೋಡ್ತಾ ಕೂತ್ಕೊ ಕಣಮ್ಮಿ." ಎಷ್ಟು ರಜೆಗಳು ನೋಡುತ್ತಾ ಕೂತೇ ಕಳೆದಿದ್ದಳು!

ಪ್ರದರ್ಶನ ಮುಗಿಯಿತು. ಅವಳ ಶನಿವಾರದ ಗುಂಡ್ಲುಪೇಟೆ ಓಡಾಟ ಮಾತ್ರ ನಿಲ್ಲಲಿಲ್ಲ. ಒಮ್ಮೆ ಶಾಲೆಯ ಕೀಬೋರ್ಡ್ ಕೆಟ್ಟಿತು, ಇನ್ನೊಮ್ಮೆ ಮೌಸು. ಕೆಡಲು ಏನೂ ಉಳಿಯದಿದ್ದಾಗ ಅವಳು ಸುಮ್ಮನೇ ಬಂದಳು. ಅವನೂ ಯಾಕೆಂದು ಕೇಳಲಿಲ್ಲ.

ಬೆಟ್ಟದ ತುದಿಗೆ ಹತ್ತಿದರೆ ಅಲ್ಲಿ ತರಕಾರಿ ಸಿಗುತ್ತಿತ್ತು.

"ಮಂಜಿನ ಬೆಟ್ಟದ ಮೇಲೆ ಬದನೆಕಾಯಿ ಯಾಕ್ರೀ?"

"ಕೇರಳಕ್ಕೆ ಓಗೋ ಲೋಡು ಮೇಡಮ್. ಲಾರಿ ಬರೋಗಂಟ ಇಟ್ಟವ್ರೆ."

ಅವಳ ಗೊಂಬೆ ಹಿಂದೆ ಬಿದ್ದಾಗಲೆಲ್ಲ ನೀಲಿ ಗೊಂಬೆ ನಿಲ್ಲುತ್ತಿತ್ತು. ಹಕ್ಕಿ ಬಂದು ಕುಕ್ಕಿದರೂ ನಿಲ್ಲುತ್ತಿತ್ತು. ಇದು ಪ್ರೀತಿಯಾ? ಅಥವಾ ಗಿರಾಕಿಗೆ ಕೊಡುವ ಮರ್ಯಾದೆಯಾ? ಎಲ್ಲರ ಜೊತೆಯೂ ಹೀಗೇ ಆಡುತ್ತಾನೇನೋ... ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವಳು ಊರು ಬರುವವರೆಗೂ ಇದನ್ನೇ ಯೋಚಿಸುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ ಅಪ್ಪ ಶಾಂತಮಲ್ಲಪ್ಪ ಮೀಸೆಯಡಿಯಲ್ಲೇ ನಗುತ್ತಾ ಹೇಳಿದರು.

"ಗಂಡಿನ ಕಡೆಯೋರು ಭಾನುವಾರ ಬತ್ತಾವ್ರೆ ಕನವ್ವ. ತೆರಕಣಾಂಬಿ ಪುಟ್ಟಬಸಪ್ಪನ ಮಗ. ಈರುಳ್ಳಿ ಮಂಡಿ ಅದೆ. ಮಹದೇವಸ್ವಾಮಿ ಅಂತ ಎಸ್ರು."

"ಪೋಟೋ ಬಂದದೆ, ನೋಡಮ್ಮಿ," ಎಂದು ಅಮ್ಮ ಗುರುಸಿದ್ದಮ್ಮ ಫೋನು ಮುಂದೆ ಹಿಡಿದರು.

ಅವಳ ಕಣ್ಣು ಮಂಜಾಯಿತು. "ಆಮೇಲೆ ನೋಡ್ತೀನಮ್ಮ," ಎಂದು ಒಳಗೆ ಹೋದಳು. ನೋಡಲೇ ಇಲ್ಲ.

ಮಾದೇಶನಿಗೆ ಹೇಳಬೇಕು. ಆದರೆ ಏನಂತ? ಮೆಸೇಜ್ ಬರೆದಳು, ಅಳಿಸಿದಳು. ಮತ್ತೆ ಬರೆದಳು. ಕೊನೆಗೆ ಕಣ್ಣುಮುಚ್ಚಿ ಕಳಿಸಿದಳು. "ಮನೆಯಲ್ಲಿ ಗಂಡು ನೋಡಿದ್ದಾರೆ. ಭಾನುವಾರ ಬರ್ತಾರಂತೆ. ಏನು ಮಾಡಲಿ?"

ಉತ್ತರವಾಗಿ ಬಂದದ್ದು ಅವನ ದನಿ. ಅದರ ತುಂಬ ನಗು.

"ಒಪ್ಕಂಬುಡಿ ಮೇಡಮ್! ಉಡುಗ ಒಳ್ಳೆಯವ್ನೆ. ನಂಗೊತ್ತು!"

ಅವಳು ಮತ್ತೆ ಮತ್ತೆ ಕೇಳಿದಳು. ಒಪ್ಕಂಬುಡಿ. ಒಪ್ಪಿಕೊಂಡು... ಬಿಡಿ. ಯಾರನ್ನು ಒಪ್ಪಿಕೊಳ್ಳಲಿ? ಯಾರನ್ನು ಬಿಡಲಿ? ಅದೂ ನಗುತ್ತಾ! ಒಂದು ಕ್ಷಣವಾದರೂ ಅವನ ದನಿ ನಡುಗಬಾರದಿತ್ತಾ?

ಹಾಗಾದರೆ ನಾನು ಅಂದುಕೊಂಡದ್ದೆಲ್ಲ ಬರೀ ನನ್ನ ಭ್ರಮೆ...

ಅತ್ತಳು. ಅತ್ತು ಮುಖ ತೊಳೆದಳು. ಆಮೇಲೆ ಅವಳಿಗೇ ಅರ್ಥವಾಗದ ಸಿಟ್ಟು ಬಂತು. ಹುಟ್ಟಿದಾಗಿನಿಂದ ಯಾರು ಏನು ಹೇಳಿದರೂ ಹೂಂ ಅಂದಿದ್ದಳು. ಇದೊಂದಕ್ಕೆ ಹೂಂ ಅಂದುಬಿಟ್ಟರೆ ಬದುಕೆಲ್ಲ ಬೇರೆಯವರ ಆಟವನ್ನೇ ನೋಡುತ್ತಾ ಕೂರಬೇಕು!

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತಿದಳು. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ, ಯಾರ ಮೇಲೂ ಸಿಟ್ಟಿಲ್ಲದಿದ್ದರೂ, ಇಡೀ ಊರಿಗೇ ಮುಖ ತಿರುಗಿಸಿ ಕೂತಳು.

ಮಾದೇಶ ಕಾಂಟ್ರಾ ಕ್ಯಾಸೆಟ್ಟಿಗೆ ಉಫ್ ಎಂದು ಊದಿ ಧೂಳು ತೆಗೆಯುತ್ತಿದ್ದ. ಅವಳನ್ನು ಕಂಡು ಮುಖ ಅರಳಿತು.

"ಏನ್ ಮೇಡಮ್, ನಾಳೀಕೆ ಅಷ್ಟೊಂದ್ ಕೆಲ್ಸ ಇಟ್ಕಂಡು ಇವತ್ತು ಬಂದ್ಬುಟ್ರಿ?"

"ನಾಳೆ ಬರೋ ಹುಡುಗ ನನಗೆ ಬೇಡ."

ಅವನ ಕೈ ನಿಂತಿತು. "ಯಾವ... ಉಡುಗ?"

"ಅದೇ, ತೆರಕಣಾಂಬಿಯವನು! ಈರುಳ್ಳಿ ಮಂಡಿಯವನು! ನೀವೇ ಒಳ್ಳೆಯವನು ಅಂದ್ರಲ್ಲ!"

"ಅವ್ನು... ಏನ್ ತಪ್ ಮಾಡ್ದ ಮೇಡಮ್?"

"ಏನೂ ಇಲ್ಲ. ನನಗೆ ಬೇಡ, ಅಷ್ಟೆ."

ಮಾದೇಶ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಮೆಲ್ಲಗೆ ಹೇಳಿದ. "ಸರಿ ಮೇಡಮ್. ಅಪ್ಪಂಗೆ ಏಳ್ತೀನಿ. ನಾವು ಬರಕ್ಕಿಲ್ಲ."

'ನಾವು' ಎಂದದ್ದು ಅವಳ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆಯಲ್ಲಿ ಇದ್ದದ್ದು ಒಂದೇ ನೋವು. ಯಾಕೆ ಬೇಡ ಅಂತ ಒಂದು ಮಾತು ಕೇಳಬಾರದಾ ಈ ಮನುಷ್ಯ?

"ಯಾಕೆ ಅಂತ ಕೇಳಲ್ವಾ ನೀವು?"

"ಕೇಳಿ ಏನ್ ಮಾಡ್ಲಿ ಮೇಡಮ್... ಇಷ್ಟ ಅನ್ನದು ಕೇಳುದ್ರೆ ಬತ್ತದಾ?"

"ಯಾಕಂದ್ರೆ ನನಗೆ ನೀವು ಇಷ್ಟ!" ಅವಳ ದನಿ ಒಡೆಯಿತು. "ಕೇಳಿಸ್ತಾ? ನೀವು ಇಷ್ಟ! ಅದಕ್ಕೇ ಅವನು ಬೇಡ!"

ಮಾದೇಶ ಬೆರಳು ಮಡಚಿ ಲೆಕ್ಕ ಹಾಕುವವನಂತೆ ನಿಂತ.

"ನಿಮ್ಗೆ ನಾನಂದ್ರೆ ಇಷ್ಟ."

"ಹೂಂ..."

"ಅದ್ಕೆ ನಾನು ಬ್ಯಾಡ?"

"ನೀವಲ್ಲ! ಅವನು!"

"ಅವ್ನು ಅಂದ್ರೆ ಯಾರು?"

"ಪುಟ್ಟಬಸಪ್ಪನ ಮಗ!"

"ಪುಟ್ಟಬಸಪ್ಪಂಗೆ ಇರೋನು ಒಬ್ನೇ ಮಗ ಮೇಡಮ್."

"ಇರ್ಲಿ! ಅದಕ್ಕೆ ನಾನೇನು ಮಾಡ್ಲಿ?"

"ಆ ಒಬ್ನು..." ಅವನು ತನ್ನ ಎದೆ ಮುಟ್ಟಿ ತೋರಿಸಿದ. "ನಾನೇಯ."

ರಂಜನಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದಳು.

"ಅವರ ಹೆಸರು ಮಹದೇವಸ್ವಾಮಿ..."

"ಇಸ್ಕೂಲ್ನಲ್ಲಿ ಬರ್ಸಿದ್ದು ಅದೇಯ. ಕರ‍್ಯೋದು ಮಾದೇಶ ಅಂತ. ನಾನೇ ನಮ್ಮವ್ವಂಗೆ ಏಳಿ ಕಳ್ಸಿದ್ದು ನಿಮ್ಮನೇಗೆ. ಪೋಟೋ ನೋಡ್ಲಿಲ್ವಾ? ಉಡುಗಿ ನೋಡಿ ಒಪ್ಕಂಡವ್ಳೆ ಅಂತ ನಿಮ್ಮಪ್ಪಾರು ಏಳುದ್ರಂತೆ! ನೀವು ಮೆಸೇಜ್ ಮಾಡ್ದಾಗ ತಮಾಷೆ ಮಾಡ್ತಾವ್ರೆ ಅಂತ... ನಾನೂ ತಮಾಷೆ ಮಾಡ್ದೆ."

"ನಾನು ನೋಡೇ ಇಲ್ಲ! ಅಪ್ಪ ಸುಳ್ಳು ಹೇಳಿದ್ದಾರೆ!"

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂತು. ಕೊನೆಗೆ ಕಣ್ಣೊರೆಸಿಕೊಂಡು ಕೇಳಿದಳು. "ಮತ್ತೆ ಈರುಳ್ಳಿ ಮಂಡಿ?"

ಅವನ ತಲೆ ತಗ್ಗಿತು.

"ಅದು ಅಪ್ಪಂದು. ಮಗ ಗೇಮ್ ಅಂಗ್ಡಿ ಇಟ್ಟವ್ನೆ ಅಂತ ಏಳ್ಕಳಕ್ಕೆ ಅವ್ರಿಗೆ ನಾಚ್ಕೆ. ಮಂಡಿ ನೋಡ್ಕಂಡವ್ನೆ ಅಂತ್ಲೇ ಏಳವ್ರೆ. ನಾಳೆ ನಾನೂ ಅಂಗೇ ಅನ್ಬೇಕಂತೆ. ಮದ್ವೆ ಆದ್ಮೇಕೆ ಇದ್ನೆಲ್ಲ ಗುಜ್ರಿಗೆ ಆಕ್ಬೇಕಂತೆ. ನಾನೂ ಊಂ ಅಂದಿವ್ನಿ." ಸುತ್ತಲಿನ ಟೀವಿ, ತಂತಿ, ಕ್ಯಾಸೆಟ್ಟುಗಳನ್ನೊಮ್ಮೆ ನೋಡಿದ. "ನೀವು ಸಿಗೋದಾದ್ರೆ ಇದೇನ್ ದೊಡ್ಡದು ಅಂತ..."

ತನ್ನ ಹಾಗೆಯೇ ಹೂಂ ಅನ್ನುವ ಇನ್ನೊಂದು ಜೀವ!

"ಹಾಗನ್ನಬೇಡಿ ನಾಳೆ," ಎಂದಳು.

"ನಿಜ ಏಳುದ್ರೆ ನಿಮ್ಮಪ್ಪ ಒಪ್ದೇ ಓದ್ರೆ?"

"ಒಪ್ಪಿಸೋದು ನನ್ನ ಕೆಲಸ. ನೋಡದೇ ಇರೋ ಫೋಟೋ ನೋಡಿದ್ದಾಳೆ ಅಂದವರು ನನ್ನ ಒಂದು ಮಾತು ಕೇಳಲೇಬೇಕು. ಒಂದೂ ಗುಜರಿಗೆ ಹೋಗಬಾರದು, ಗೊತ್ತಾಯ್ತಾ?"

ಅದು ಅವಳ ಕ್ಲಾಸ್‌ರೂಮಿನ ದನಿ. ಮಕ್ಕಳ ಮುಂದಲ್ಲದೆ ಬೇರೆಲ್ಲೂ ಅದು ಹೊರಗೆ ಬಂದಿರಲಿಲ್ಲ. ಅವಳಿಗೇ ಆಶ್ಚರ್ಯವಾಯಿತು.

ಮಾದೇಶನ ಕಿವಿಯ ತುದಿ ಕೆಂಪಾಯಿತು.

"ಮಂಡಿಯವ್ನ್ಗೆ ಬ್ಯಾಡ ಅಂದ್ಬುಟ್ರಿ. ಅಂಗಡಿಯವ್ನ್ಗೆ ಏನಂತೀರಾ?"

"ಅವನು ಕೇಳಲೇ ಇಲ್ವಲ್ಲ! ಅಮ್ಮನ್ನ ಕಳಿಸ್ತಾನೆ, ಫೋಟೋ ಕಳಿಸ್ತಾನೆ. ಬಾಯಿಬಿಟ್ಟು ಕೇಳಿದ್ರೆ ತಾನೇ ಹೇಳೋದು?"

ಅವನು ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ತಂತಿಗಳನ್ನು ದಾಟಿ, ಅವಳೆದುರು ಬಂದು ನೆಟ್ಟಗೆ ನಿಂತ.

"ರಂಜನಿ... ನನ್ನ ಮದ್ವೆ ಆಯ್ತೀರಾ?"

"ಆಗ್ತೀನಿ."

ಹೊರಗೆ ಕಂಡಕ್ಟರ್ "ನಗರ, ನಗರ, ಚಾಮರಾಜನಗರ!" ಎಂದು ಕೂಗುತ್ತಿದ್ದ.

"ನಿಮ್ಮ್ ಬಸ್ಸು..." ಎಂದ ಮಾದೇಶ.

ಅವಳು ಸ್ಟೂಲಿನಿಂದ ಏಳಲಿಲ್ಲ. "ಹೋಗ್ಲಿ. ಇನ್ನೊಂದು ಬರುತ್ತೆ."