ಬೀಗವಿಲ್ಲದ ಪುಟ

"ನನ್ನ ಪತ್ರ ಯಾರ್ಯಾರಿಗಿ ತೋರಿಸೀರಿ? ಹೇಳ್ರಿ!"

ಹುಮನಾಬಾದಿನ ಮಹಿಳಾ ಸಹಾಯ ಕೇಂದ್ರದ ಬಾಗಿಲಲ್ಲಿ ನಿಂತು ಸರಿತಾ ಕೇಳಿದಳು. ಕಂಪ್ಯೂಟರ್ ಮುಂದೆ ಕುಳಿತಿದ್ದ ಸತೀಶಕುಮಾರ ಗಡಬಡಿಸಿ ಎದ್ದ.

ಎಂಟು ತಿಂಗಳಿಂದ ಪತ್ರ ಬರೆದುಕೊಂಡಿದ್ದರೂ ಒಬ್ಬರ ಮುಖ ಒಬ್ಬರು ನೋಡಿದ್ದು ಅಂದೇ ಮೊದಲು.

"ನೀವು... ಬಸವಕಲ್ಯಾಣದ ಸರಿತಾ ಏನ್ರಿ?"

ಆ ದನಿ ಇಷ್ಟು ಮೆತ್ತಗಿರುತ್ತದೆಂದು ಅವಳು ಎಣಿಸಿರಲಿಲ್ಲ. ಸಿಟ್ಟು ಕರಗಬಾರದೆಂದು ಅಂಗೈಗೆ ಉಗುರು ಒತ್ತಿಕೊಂಡಳು.

ಕೇಂದ್ರದ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವನು ಸತೀಶ. ಹುಡುಗಿಯರು ಗುಟ್ಟಾಗಿ ಬರೆದು ಕೇಳಲು ಅದರಲ್ಲೊಂದು ಪುಟವಿತ್ತು; ಉತ್ತರ ಬರೆಯುವವನೂ ಅವನೇ. ನರ್ಸಿಂಗ್ ಅರ್ಜಿಯ ವಿಚಾರಕ್ಕೆ ಶುರುವಾದ ಸರಿತಾಳ ಪತ್ರಗಳು ಬರಬರುತ್ತಾ ಬೇರೆಯೇ ಆದವು. ಕೊನೆಯದರಲ್ಲಿ, ಸೋದರಮಾವನ ಮಗನನ್ನು ಮದುವೆಯಾಗಲಾರೆ, ನನ್ನ ಮನಸ್ಸಿನಲ್ಲಿ ನೀವಿದ್ದೀರಿ ಎಂದು ಬರೆದೇಬಿಟ್ಟಿದ್ದಳು!

ಉತ್ತರ ಬರಲಿಲ್ಲ. ನಾಲ್ಕನೇ ದಿನ ಸೋದರಮಾವ ಮಚ್ಚೇಂದ್ರ ಮನೆಗೆ ಬಂದು, ಅಂಗಳದಲ್ಲಿ ನಿಂತು, ಆ ಪತ್ರವನ್ನು ಒಂದಕ್ಷರ ಬಿಡದೆ ಓದಿ, ಇವರಿಬ್ಬರೂ ಕದ್ದು ಭೇಟಿಯಾಗುತ್ತಾರೆ ಎಂದೂ ಹೇಳಿದ.

"ಅವತ್ತಿನಿಂದ ನಮ್ಮಪ್ಪ ನನ್ನ ಜೋಡಿ ಮಾತಾಡಿಲ್ರಿ. ಫೋನ್ ಕಸಗೊಂಡಾರ. ಬರೋ ಐತವಾರ ಮಾವನ ಮಗನ ಜೋಡಿ ಮದುವಿ ಇಟ್ಟಾರ. ನಿಮ್ಮ ಮ್ಯಾಲ ಭರೋಸಾ ಇಟ್ಟಿದ್ದೆ..."

"ನಾ ಯಾರಿಗೂ ತೋರಿಸಿಲ್ರಿ! ನೀವು ಎಲ್ಲಿ ಕುಂತು ಬರೀತಿದ್ರಿ?"

"ಮಾವನ ಇಂಟರ್‌ನೆಟ್ ಅಂಗಡ್ಯಾಗ. ಎಲ್ಲಾ ಅಳಿಸೇ ಏಳ್ತಿದ್ದೆ."

ಸತೀಶ ಕುರ್ಚಿ ಎಳೆದು ಕುಳಿತು ಆ ಪುಟ ತೆರೆದು ನೋಡಿದ.

"ಹಂಗಾದ್ರ ತಪ್ಪು ನಂದೇ. ಪಾಸ್‌ವರ್ಡ್ ಹಾಕೋ ಪುಟಕ್ಕಷ್ಟೇ ಭದ್ರ ಕನೆಕ್ಷನ್, ಅಂದ್ರ ಬ್ಯಾರೆಯವ್ರು ಓದದಂಗ ಬೀಗ, ಇಟ್ಟಿದ್ದೆ. ಬೀಗ ಹಾಕಿದ್ರ ಹಳೇ ಫೋನ್‌ನ್ಯಾಗ ನಿಧಾನ ತೆರೀತದ, ಹಳ್ಳಿ ಹುಡುಗ್ಯಾರಿಗಿ ತ್ರಾಸ ಆಗ್ತದ ಅಂತ ಪತ್ರದ ಪುಟ ಹಂಗೇ ಬಿಟ್ಟೆ. ನೆಟ್ ಯಾರ ಕೈಯಾಗ ಇರ್ತದ, ಅವರಿಗಿ ನೀವು ಕಳಿಸಿದ್ದೆಲ್ಲಾ ಓದಾಕ ಬರ್ತದ."

ಹಾಗಾದರೆ ಇವರು ಮೋಸ ಮಾಡಿಲ್ಲ... ಸರಿತಾಳ ಎದೆ ಹಗುರಾಯಿತು. ಮರುಗಳಿಗೆಯೇ ಮೊದಲಿಗಿಂತ ಭಾರವಾಯಿತು. ಮೋಸಗಾರನಾಗಿದ್ದರೆ ಮರೆಯುವುದು ಎಷ್ಟು ಸುಲಭವಿತ್ತು!

ಅವಳೆದುರೇ ಅವನು ಸೆಟ್ಟಿಂಗ್ ಬದಲಿಸಿದ. ಇನ್ನು ಮೇಲೆ ಪತ್ರದ ಪುಟ ಭದ್ರ ಕನೆಕ್ಷನ್ ಇಲ್ಲದೆ ತೆರೆಯುವುದೇ ಇಲ್ಲ. ಎರಡು ನಿಮಿಷವೂ ಹಿಡಿಯಲಿಲ್ಲ.

"ಇಷ್ಟೇ ಏನ್ರಿ?" ಅವಳ ಕಣ್ಣು ತುಂಬಿತು. "ಇಷ್ಟೇ ಇತ್ತೇನು?"

ಅವನು ಮೌಸ್ ಬಿಟ್ಟು ಅವಳ ಕಡೆ ತಿರುಗಿದ.

"ಉತ್ತರನಾರ ಯಾಕ ಬರೀಲಿಲ್ಲ?"

"ಬರೆದೆ, ಅಳಿಸಿದೆ... ಸಹಾಯ ಕೇಳಿ ಬಂದ ಹುಡುಗಿಗಿ ಹಂಗ ಬರಿಯೋದು ತಪ್ಪು ಅನಿಸ್ತು. ಆದ್ರ ನನಗೂ ನೀವು ಬೇಕ್ರಿ ಸರಿತಾ! ತಿರುಗಿ ಹೋಗಬ್ಯಾಡ್ರಿ. ನಮ್ಮವ್ವಗ ನಾ ಹೇಳ್ತೀನಿ."

"ನಿಮ್ಮವ್ವ ನಮ್ಮ ಜಾತಿಯವ್ರನ್ನ ಮನಿಯೊಳಗ ಕರೀತಾರೇನ್ರಿ?"

ಸತೀಶ ತಲೆ ತಗ್ಗಿಸಿದ. ಸುಳ್ಳು ಹೇಳದ ಆ ಮೌನಕ್ಕಾಗಿ ಅವಳಿಗೆ ಅವನ ಮೇಲೆ ಇನ್ನಷ್ಟು ಪ್ರೀತಿ ಉಕ್ಕಿತು.

"ಸರ್ವರಿ ಮೇಡಂನ ಕರ್ಕೊಂಡು ನಿಮ್ಮಪ್ಪಗ ಭೆಟ್ಟಿ ಆಗ್ತೀನಿ," ಎಂದ ಅವನು. ಸರ್ವರಿ ಆ ಕೇಂದ್ರ ನಡೆಸುವವರು.

"ನೀವು ಬಂದ್ರ ಮಾವ ಹೇಳಿದ್ದೇ ಖರೆ ಆಗ್ತದ. ನಾ ಹೋಗ್ಲಿಲ್ಲಂದ್ರ ತಂಗಿ ಪೂನಂನ ಕಾಲೇಜು ಬಿಡಿಸ್ತಾರ. ಈ ಮದುವಿ ಒಲ್ಲೆ ಅಂತ ಅಪ್ಪಗ ನಾನೇ ಹೇಳ್ತೀನಿ. ಕೇಳ್ತಾರಂತ ಆಸೆ ಇಲ್ಲ."

ಬಸ್ ಸ್ಟ್ಯಾಂಡಿನವರೆಗೆ ಅವನು ಎರಡು ಹೆಜ್ಜೆ ಹಿಂದೆಯೇ ನಡೆದ. ಕಲ್ಲುಬೆಂಚಿನ ಮೇಲೆ ಅವಳು ಕುಳಿತಳು, ಅವನು ನಿಂತೇ ಇದ್ದ.

"ಮನಿ ಮುಟ್ಟಿದ ಮ್ಯಾಲ ಒಂದು ಫೋನ್..." ಎಂದವನು ನೆನಪಾಗಿ ನಾಲಿಗೆ ಕಚ್ಚಿಕೊಂಡ. "ಮತ್ತ ಹ್ಯಾಂಗ ತಿಳೀತದ್ರಿ ನನಗ?"

"ತಿಳಿಯಂಗಿಲ್ರಿ."

"ಹಂಗಾದ್ರ ನಾ ಏನು ಮಾಡ್ಲಿ?"

ಸರಿತಾ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

"ಬಸ್ ಬರೋತನಕ ಕುಂಡ್ರಿ..."

ಅವನು ಕುಳಿತ.